ಬದುಕಿದ್ದ ಮಾಸ್ಟ್ರಿಗೆ ಪುಣ್ಯಸ್ಮರಣೆ

ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು ಇತ್ತು. ಸಣ್ಣ ಜಾಹೀರಾತು ಏಜೆನ್ಸಿ. ಜನ ಆರು, ಕಂಪ್ಯೂಟರ್ ಎರಡು. ನಾನು ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆಯುವವನು. ಒಂದು ಗುರುವಾರ ಸಂಜೆ ಡಿಸೈನರ್ ಹುಡುಗನ ಕೈಯಲ್ಲಿ ಎರಡು ಜಾಹೀರಾತು ಇದ್ದವು. ಒಂದು, ನಿವೃತ್ತಿಯಾಗುತ್ತಿದ್ದ ಹೆಡ್‌ಮಾಸ್ಟ್ರಿಗೆ ಹಳೇ ವಿದ್ಯಾರ್ಥಿಗಳ ಶುಭಾಶಯ. ಇನ್ನೊಂದು, ಬಂಟ್ವಾಳ ಕಡೆಯ ಹಿರಿಯರೊಬ್ಬರ ಪ್ರಥಮ ವರ್ಷದ ಪುಣ್ಯಸ್ಮರಣೆ. ಎರಡೂ ಒಂದೇ ಅಳತೆ. ಎರಡು ಫೋಟೋಗೂ ಫೈಲಿನ ಹೆಸರು ಒಂದೇ: ‘ಫೋಟೋ 1’. ಕೊನೇ ಗಳಿಗೆಯಲ್ಲಿ ಮಾಸ್ಟ್ರ ಫೋಟೋ ಸ್ವಲ್ಪ ಬೆಳ್ಳಗೆ ಮಾಡಿ ಸೇವ್ ಮಾಡುವಾಗ ಕಂಪ್ಯೂಟರ್ ಕೇಳಿತು: ‘ಈ ಹೆಸರಿನ ಫೈಲ್ ಆಗಲೇ ಇದೆ, ಬದಲಿಸಲೇ?’ ಆರೂವರೆಗೆ ಪತ್ರಿಕೆಗೆ ಕಳಿಸಬೇಕಿತ್ತು. ಹುಡುಗ ‘ಹೌದು’ ಒತ್ತಿದ.

ಮರುದಿನ ಮಾಸ್ಟ್ರು 4ನೇ ಪುಟದಲ್ಲಿ ನಿವೃತ್ತರಾಗಿದ್ದರು. 9ನೇ ಪುಟದಲ್ಲಿ ಅವರು ತೀರಿಹೋಗಿ ಒಂದು ವರ್ಷ ಆಗಿತ್ತು.

ಹತ್ತು ಗಂಟೆಗೆ ಅವರೇ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. “ಪೆನ್ಷನ್ ಒಂದು ಶುರುವಾಗ್ಲಿಕ್ಕೆ ಬಿಡಿ ಮಾರಾಯ್ರೆ, ಮತ್ತೆ ನೋಡುವ” ಅಂದರು. ನಗುತ್ತಲೇ ಅಂದರು. ಬೆಳಿಗ್ಗೆಯಿಂದ ಮನೆಗೆ ಫೋನ್ ಮೇಲೆ ಫೋನ್ ಬಂದು ಅವರ ಹೆಂಡತಿ ರಿಸೀವರ್ ಕೆಳಗಿಟ್ಟುಬಿಟ್ಟಿದ್ದರಂತೆ. ಇನ್ನೊಂದು ಮನೆಯವರದ್ದು ನಗುವ ವಿಷಯವಲ್ಲ. ಮಗ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: “ಅಪ್ಪನ ಫೋಟೋ ಕೊಟ್ಟಿದ್ದೆವಲ್ಲ, ಅದು ಎಲ್ಲಿ ಹೋಯ್ತು?”

ಮಧ್ಯಾಹ್ನ ಯಾರ ತಪ್ಪು ಅಂತ ಹುಡುಕಲು ಕೂತೆವು. ನಾನು ಅಕ್ಷರ ಓದಿದ್ದೆ, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಎರಡೂ ಮನೆಯವರು ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತೋರಿಸುವ ಪ್ರತಿ, ನೋಡಿ ಒಪ್ಪಿದ್ದರು, ಯಾಕೆಂದರೆ ಪ್ರೂಫಿನಲ್ಲಿ ಫೋಟೋ ಸರಿಯಾಗೇ ಇತ್ತು. ಎರಡೂ ಮುಖದ ಪರಿಚಯ ಇದ್ದ, ಗಿರಾಕಿಗಳನ್ನು ನೋಡಿಕೊಳ್ಳುವ ನಮ್ಮ ಕ್ಲೈಂಟ್ ಸರ್ವಿಸಿಂಗ್‌ನವನು ಆ ಹೊತ್ತಿಗೆ ಸುರತ್ಕಲ್‌ನಲ್ಲಿ ಬಾಕಿ ವಸೂಲಿಗೆ ಹೋಗಿದ್ದ. ಪತ್ರಿಕೆಯವರು ಅಳತೆ ನೋಡಿದರು, ತಾರೀಕು ನೋಡಿದರು, ಹಾಕಿದರು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು. ಒಪ್ಪಿಗೆ ಸಿಕ್ಕಿದ ಮೇಲೆ, ಕಳಿಸುವ ಮೊದಲು, ಕೊನೇ ಫೈಲನ್ನು ಇನ್ನೊಮ್ಮೆ ತೆರೆದು ನೋಡುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ದೊಡ್ಡ ಏಜೆನ್ಸಿಗಳಲ್ಲಿ ಆ ಕೆಲಸಕ್ಕೆ ಒಬ್ಬರು ಇರುತ್ತಾರೆ. ಕೆಲವು ಕಡೆ ಸ್ಟುಡಿಯೋ ಮ್ಯಾನೇಜರ್ ಅನ್ನುತ್ತಾರೆ, ಕೆಲವು ಕಡೆ ‘ಟ್ರಾಫಿಕ್’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೂ ಜ್ಯೋತಿ ಸರ್ಕಲ್‌ನ ಪೊಲೀಸಪ್ಪನೇ ನೆನಪಾದದ್ದು. ಕೆಲಸ ಹೆಚ್ಚುಕಡಿಮೆ ಅದೇ: ಯಾವ ಫೈಲ್ ಎಲ್ಲಿದೆ, ಯಾರ ಮೇಜಿನಲ್ಲಿ ನಿಂತಿದೆ, ಯಾವುದು ಹೊರಗೆ ಹೋಗಬಹುದು, ಯಾವುದು ನಿಲ್ಲಬೇಕು. ಆರು ಜನರ ಆಫೀಸಿಗೆ ಈ ಹುದ್ದೆ ಶೋಕಿ ಅಂತ ಆವರೆಗೆ ನಾವು ತಿಳಿದಿದ್ದೆವು.

ಇದನ್ನು ಯಾಕೆ ಹೇಳಿದೆ ಅಂದರೆ, ಈ ಉದ್ಯಮದ ಹುದ್ದೆಗಳ ಹೆಸರು ಕೇಳಿದವರಿಗೆ ತಲೆ ತಿರುಗುತ್ತದೆ. ಅಕೌಂಟ್ ಎಕ್ಸಿಕ್ಯೂಟಿವ್, ವಿಷುವಲೈಸರ್, ಮೀಡಿಯಾ ಪ್ಲಾನರ್, ಉಪ ಸಂಪಾದಕ, ಪ್ರಕಾಶಕ, ಮುದ್ರಕ. ಯಾರು ಏನು ಮಾಡುತ್ತಾರೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನನಗೆ ಅರ್ಥವಾದ ಸುಲಭದ ದಾರಿ ಒಂದಿದೆ. ಆ ಹುದ್ದೆ ಇಲ್ಲದಿದ್ದರೆ ಎಂಥ ಎಡವಟ್ಟು ಆಗುತ್ತದೆ ಅಂತ ಕೇಳಿ ನೋಡಿ. ಒಂದೊಂದು ಹುದ್ದೆಯೂ ಹಿಂದೆ ಯಾರೋ ಬಿದ್ದ ಜಾಗಕ್ಕೆ ಹಾಕಿದ ಬೇಲಿ. ಖರ್ಚು ಉಳಿಸಲಿಕ್ಕೆ ಬೇಲಿ ತೆಗೆಯಬಹುದು, ಗುಂಡಿ ಅಲ್ಲೇ ಇರುತ್ತದೆ.

ಏಜೆನ್ಸಿಯ ಒಳಗೆ

ಅಕೌಂಟ್ ಎಕ್ಸಿಕ್ಯೂಟಿವ್ ಅಂದರೆ ಲೆಕ್ಕ ಬರೆಯುವವನಲ್ಲ. ಇಲ್ಲಿ ಅಕೌಂಟ್ ಅಂದರೆ ಗಿರಾಕಿ. ಗಿರಾಕಿಯ ಹತ್ತಿರ ಕೂತು ಅವರಿಗೆ ಬೇಕಾದದ್ದು ಏನು ಅಂತ ತಿಳಿದು, ಅದನ್ನು ಬರೆದು ಒಳಗೆ ತರುವುದು ಇವರ ಕೆಲಸ. ಆ ಬರಹಕ್ಕೆ ‘ಬ್ರೀಫ್’ ಅನ್ನುತ್ತಾರೆ. ಬ್ರೀಫ್ ಬಾಯಿಮಾತಲ್ಲಿ ಬಂತೋ, ಅಲ್ಲೇ ಅರ್ಧ ಕೆಟ್ಟಿತು ಅಂತ ಲೆಕ್ಕ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮೂರಿನ ಬಟ್ಟೆ ಅಂಗಡಿಯೊಂದರ ಜಾಹೀರಾತನ್ನು ಬೆಂಗಳೂರಿನ ಏಜೆನ್ಸಿಯೊಂದು ಮಾಡುತ್ತಿತ್ತು. ಅಂಗಡಿಯವರು ಫೋನಿನಲ್ಲಿ “ಆಟಿಗೆ ಒಂದು ಡಿಸ್ಕೌಂಟ್ ಸೇಲ್ ಮಾಡುವ” ಅಂದರು. ಅಲ್ಲಿ ಕೇಳಿಸಿಕೊಂಡವರು ಆಟಿ ಅಂದರೆ ಆಷಾಢ ತಾನೇ ಅಂದುಕೊಂಡು ‘ಆಷಾಢ ಮಾರಾಟ’ ಅಂತ ಬರೆದು, ಪಂಚಾಂಗ ನೋಡಿ ತಾರೀಕು ಹಾಕಿದರು. ಆಷಾಢ ಚಾಂದ್ರಮಾನದ್ದು. ತುಳುನಾಡಿನ ಆಟಿ ಸೌರಮಾನದ ತಿಂಗಳು, ಜುಲೈ ನಡುವಿನಲ್ಲಿ ಶುರುವಾಗಿ ಆಗಸ್ಟ್ ನಡುವಿನ ತನಕ ಇರುತ್ತದೆ. ಎರಡೂ ಒಂದೇ ಹೊತ್ತಿಗೆ ಶುರುವಾಗಬೇಕು ಅಂತಿಲ್ಲ. ಮಾಲು ಇನ್ನೂ ಗೋಡೌನಿಗೆ ಬಂದಿರಲಿಲ್ಲ, ಜಾಹೀರಾತು ನೋಡಿದ ಗಿರಾಕಿಗಳು ಕೊಡೆ ಹಿಡಿದು ಅಂಗಡಿ ಬಾಗಿಲಲ್ಲಿ ನಿಂತಿದ್ದರು. ಬೆಂಗಳೂರಿನವರು ಸೋಮಾರಿಗಳಲ್ಲ, ಕೇಳಿದ್ದನ್ನು ಚೊಕ್ಕವಾಗಿ ಮಾಡಿದ್ದರು. ಬ್ರೀಫಿನಲ್ಲಿ ‘ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ’ ಅಂತ ಒಂದು ಸಾಲು ಇದ್ದಿದ್ದರೆ ಮುಗಿದಿತ್ತು.

ಬ್ರೀಫ್ ಬಂದ ಮೇಲೆ ಕಾಪಿರೈಟರ್ ಮಾತು ಬರೆಯುತ್ತಾನೆ, ಆರ್ಟ್ ಡೈರೆಕ್ಟರ್ ಅಥವಾ ವಿಷುವಲೈಸರ್ ಅದು ಹೇಗೆ ಕಾಣಬೇಕು ಅಂತ ಯೋಚಿಸುತ್ತಾನೆ, ಡಿಸೈನರ್ ಅದನ್ನು ಕಂಪ್ಯೂಟರಿನಲ್ಲಿ ಕೂರಿಸುತ್ತಾನೆ. ಮಂಗಳೂರಿನ ಬಹಳಷ್ಟು ಕಡೆ ಈ ಮೂವರೂ ಒಬ್ಬನೇ, ಅವನಿಗೇ ಬೈಕ್ ಕೊಟ್ಟು ಗಿರಾಕಿಯ ಹತ್ತಿರ ಕಳಿಸುತ್ತಾರೆ.

ಇಲ್ಲಿ ಕಾಪಿ ಬರೆಯುವವನಿಗೆ ಒಂದು ವಿಶೇಷ ಪೀಕಲಾಟ ಇದೆ. ಇದು ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ಊರು. ತುಳುವಿನಲ್ಲಿ ಒಂದು ಸಾಲು ಹಾಕಿದರೆ ಜನರಿಗೆ ಖುಷಿ. ಆದರೆ ಅದನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ‘ಬತ್ತೆ’ ಅಂತ ಬರೆದರೆ ‘ನಾನು ಬಂದೆ’ ಅಂತಲೂ ಆಗುತ್ತದೆ, ‘ಅವನು ಬಂದ’ ಅಂತಲೂ ಆಗುತ್ತದೆ. ಬಾಯಲ್ಲಿ ಹೇಳುವಾಗ ಕೊನೆಯ ಸ್ವರ ಬೇರೆ ಬೇರೆ, ಯಾವ ತುಳುವರಿಗೂ ಗೊಂದಲ ಇಲ್ಲ. ಕನ್ನಡ ಲಿಪಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಹೋರ್ಡಿಂಗಿನಲ್ಲಿ ಹೀರೋ ಚಿತ್ರದ ಪಕ್ಕ ಬರೀ ‘ಬತ್ತೆ’ ಅಂತ ಇದ್ದರೆ ಅರ್ಧ ಜನ ಒಂದು ಥರ, ಅರ್ಧ ಜನ ಇನ್ನೊಂದು ಥರ ಓದುತ್ತಾರೆ. ಹಾಗಾಗಿ ತುಳು ಸಾಲನ್ನು ಬರೆದವನೇ ಓದಿ ನೋಡಿದರೆ ಸಾಲದು. ಗೊತ್ತಿಲ್ಲದ ಇನ್ನೊಬ್ಬರ ಕೈಯಲ್ಲಿ ಜೋರಾಗಿ ಓದಿಸಬೇಕು. ನಮ್ಮ ಆಫೀಸಲ್ಲಿ ಈ ಕೆಲಸ ಕೆಳಗಿನ ಹೋಟೆಲಿನಿಂದ ಚಾ ತರುವ ಹುಡುಗನದ್ದು. ಅವನಿಗೆ ಹುದ್ದೆಯ ಹೆಸರು ಕೊಡಲಿಲ್ಲ, ಕೊಡಬೇಕಿತ್ತು.

ಮೀಡಿಯಾ ವಿಭಾಗದ್ದು ಜಾಗ ಕೊಳ್ಳುವ ಕೆಲಸ. ಯಾವ ಪತ್ರಿಕೆ, ಯಾವ ಆವೃತ್ತಿ, ಯಾವ ಪುಟ, ಎಷ್ಟು ಚದರ ಸೆಂ.ಮೀ., ಯಾವ ದಿನ. ಇದನ್ನೆಲ್ಲ ಬರೆದು ಪತ್ರಿಕೆಗೆ ಕಳಿಸುವ ಕಾಗದವೇ ರಿಲೀಸ್ ಆರ್ಡರ್, ಎಲ್ಲರ ಬಾಯಲ್ಲಿ ‘ಆರ್‌ಒ’. ಪತ್ರಿಕೆಗಳು ಮಾನ್ಯತೆ ಇರುವ ಏಜೆನ್ಸಿಗೆ ಕೊಡುವ ಕಮಿಷನ್ ಹಿಂದಿನಿಂದಲೂ 15 ಪರ್ಸೆಂಟ್ ಅಂತ ರೂಢಿ. ಏಜೆನ್ಸಿಯ ಹೊಟ್ಟೆ ತುಂಬುವುದು ಆ ಕಾಗದದಿಂದ, ಹಾಗಾಗಿ ಅದರಲ್ಲಿನ ತಪ್ಪು ಹೊಟ್ಟೆಗೇ ತಟ್ಟುತ್ತದೆ. ಉಡುಪಿಯ ಮದುವೆ ಹಾಲ್‌ನ ಜಾಹೀರಾತು ಹುಬ್ಬಳ್ಳಿ ಆವೃತ್ತಿಯಲ್ಲಿ ಬಂದರೆ ಅಕ್ಷರ ಎಷ್ಟೇ ಶುದ್ಧವಾಗಿದ್ದರೂ ಏನು ಪ್ರಯೋಜನ?

ಅಕ್ಷರ ಎಲ್ಲಿ ಕೆಡುತ್ತದೆ

ಕನ್ನಡದ ಜಾಹೀರಾತು, ಪುಸ್ತಕಗಳಲ್ಲಿ ಕಾಣುವ ತಪ್ಪುಗಳಲ್ಲಿ ಒಂದು ಜಾತಿಯವು ಮನುಷ್ಯರ ಕೈಯಿಂದ ಆದವಲ್ಲ. ‘ಕಾರ್ಯಕ್ರಮ’ ಇರಬೇಕಾದ ಕಡೆ ‘ಕಾಯರ್ಕ್ರಮ’, ‘ವರ್ಷ’ ಇರಬೇಕಾದಲ್ಲಿ ‘ವಷರ್’. ನೀವೂ ನೋಡಿರುತ್ತೀರಿ, ಅಲ್ವಾ? ಟೈಪ್ ಮಾಡಿದವನಿಗೆ ಬೈದಿರುತ್ತೀರಿ. ಅವನು ಸರಿಯಾಗೇ ಮಾಡಿದ್ದ.

ಕಥೆ ಹೀಗಿದೆ. ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸದಲ್ಲಿ, ಬಹಳ ವರ್ಷ ಬಳಸಿದ ಹಳೇ ಕನ್ನಡ ಫಾಂಟ್‌ಗಳಲ್ಲಿ ಕಂಪ್ಯೂಟರಿಗೆ ಕನ್ನಡವೇ ಗೊತ್ತಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ, ಅಷ್ಟೇ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಂಪ್ಯೂಟರಿನಲ್ಲಿ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡ್ ಬಂದ ಮೇಲೆ ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವಂತ ಮನೆ ಸಿಕ್ಕಿತು. ತೊಂದರೆ ಇರುವುದು ಹಳೆಯದರಿಂದ ಹೊಸದಕ್ಕೆ ಬದಲಿಸುವಾಗ, ಅದರಲ್ಲೂ ಅರ್ಕಾವೊತ್ತಿನಲ್ಲಿ. ‘ಕಾರ್ಯ’ ಅನ್ನುವಾಗ ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಕಣ್ಣಿಗೆ ಕಾಣುವುದು ‘ಯ’ ಮೊದಲು, ಅದರ ಬಲಕ್ಕೆ ಅರ್ಕಾವೊತ್ತು. ಹಳೇ ಫಾಂಟು ಕಣ್ಣಿನ ಕ್ರಮದಲ್ಲಿ ಉಳಿಸುತ್ತದೆ, ಯೂನಿಕೋಡ್ ಬಾಯಿಯ ಕ್ರಮದಲ್ಲಿ. ಬದಲಿಸುವ ತಂತ್ರಾಂಶ ಇದನ್ನು ತಿರುಗಿಸಿ ಹಾಕದಿದ್ದರೆ ‘ಕಾಯರ್’ ಆಗುತ್ತದೆ. ಇಡೀ ಪುಸ್ತಕದಲ್ಲಿ ಅರ್ಕಾವೊತ್ತು ಇರುವ ಪದಗಳೇ ಕೆಟ್ಟಿದ್ದರೆ, ಅದು ಮನುಷ್ಯರು ಮಾಡಿದ ತಪ್ಪಲ್ಲ ಅಂತ ನಿಶ್ಚಯ.

ಕನ್ನಡ ಟೈಪಿಂಗಿನ ಮಾತು ಬಂದಾಗ ನಮ್ಮೂರಿನವರು ಸ್ವಲ್ಪ ಎದೆ ಉಬ್ಬಿಸಬಹುದು. ಇವತ್ತು ನಾಡಿನಾದ್ಯಂತ ಬಳಸುವ ಕನ್ನಡ ಕೀಲಿಮಣೆ ವಿನ್ಯಾಸದ ಮೂಲ ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಅವರು ಮಾಡಿದ ತಂತ್ರಾಂಶಕ್ಕೆ ಕರಾವಳಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಕ್ಕೆ ‘ಸೇಡಿಯಾಪು’ ಅಂತಲೇ ಹೆಸರಿಟ್ಟಿದ್ದರು.

ಫಾಂಟಿನ ರಗಳೆ ತಪ್ಪಿಸಲು ಡಿಸೈನರ್‌ಗಳು ಅಕ್ಷರವನ್ನು ‘ಕರ್ವ್’ ಮಾಡಿ ಕಳಿಸುತ್ತಾರೆ. ಅಂದರೆ ಅಕ್ಷರ ಇನ್ನು ಅಕ್ಷರವಲ್ಲ, ಚಿತ್ರ. ಎಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಆದರೆ ರಾತ್ರಿ ಎಂಟಕ್ಕೆ ಗಿರಾಕಿ ಫೋನ್ ಮಾಡಿ ಸಮಯ ಬದಲಾಗಿದೆ ಅಂದರೆ ತಿದ್ದಲಿಕ್ಕೆ ಆಗುವುದಿಲ್ಲ. ಆಗ ಯಾರೋ ಪಕ್ಕದ ಸಾಲಿನಿಂದ ‘6’ ಅನ್ನು ಕತ್ತರಿಸಿ ತಂದು ಅಂಟಿಸುತ್ತಾರೆ. ಸಮಯ ಸರಿಯಾಗುತ್ತದೆ, ಪಕ್ಕದ ಸಾಲಿನ ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆಯಾಗಿರುತ್ತದೆ.

ಇನ್ನು ಮನುಷ್ಯರ ತಪ್ಪು. ಕನ್ನಡದಲ್ಲಿ ಅಲ್ಪಪ್ರಾಣ, ಮಹಾಪ್ರಾಣದ್ದೇ ದೊಡ್ಡ ಕಾಟ. ಫ್ಲಾಟ್ ಮಾರುವವರೊಬ್ಬರ ಫ್ಲೆಕ್ಸಿನಲ್ಲಿ ‘ನಗರದ ಮದ್ಯದಲ್ಲಿ ನಿಮ್ಮ ಕನಸಿನ ಮನೆ’ ಅಂತ ಇತ್ತು. ‘ಮಧ್ಯ’ ಹೋಗಿ ‘ಮದ್ಯ’ ಆಗಿದೆ. ಕಾಗುಣಿತ ನೋಡುವ ತಂತ್ರಾಂಶಕ್ಕೆ ಇದು ಸಿಗುವುದಿಲ್ಲ, ಯಾಕೆಂದರೆ ‘ಮದ್ಯ’ ಕೂಡ ಸರಿಯಾದ ಪದವೇ. ಇಂಥದ್ದನ್ನು ಹಿಡಿಯುವುದು ಅರ್ಥ ಗೊತ್ತಿರುವ ಕಣ್ಣು ಮಾತ್ರ. ಇನ್ನೊಂದು ವಿಚಿತ್ರ: ತಪ್ಪು ಜಾಸ್ತಿ ಇರುವುದು ಸಣ್ಣ ಅಕ್ಷರದಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಸಣ್ಣ ಅಕ್ಷರವನ್ನು ನಾವು ಕಣ್ಣು ಕಿರಿದು ಮಾಡಿ ಓದುತ್ತೇವೆ. ತಲೆಬರಹವನ್ನು ಓದುವುದೇ ಇಲ್ಲ, ಸುಮ್ನೆ ನೋಡುತ್ತೇವೆ.

ಪತ್ರಿಕೆಯ ಡೆಸ್ಕ್

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಮಂಗಳೂರಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಕಲ್ಲಚ್ಚಿನಲ್ಲಿ. ಜುಲೈ 1 ಇವತ್ತಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನ. ಕಲ್ಲಚ್ಚಿನಲ್ಲಿ ಮೊಳೆ, ಅಂದರೆ ಸೀಸದ ಬಿಡಿ ಅಕ್ಷರ, ಜೋಡಿಸುವ ಮಾತಿಲ್ಲ, ಕೈಬರಹವೇ ಕಲ್ಲಿನ ಮೇಲೆ ಇಳಿಯುತ್ತದೆ. ಒಂದು ಪದ ತಪ್ಪಿದರೆ ಮೊಳೆ ಕಿತ್ತು ಬೇರೆ ಮೊಳೆ ಹಾಕಿದ ಹಾಗೆ ಸುಲಭದಲ್ಲಿ ತಿದ್ದಲಾಗದು. ಹಾಗಾಗಿ ಯೋಚನೆ ಎಲ್ಲ ಬರೆಯುವ ಮೊದಲೇ ಆಗಬೇಕು.

ಮೊಳೆ ಬಂದಾಗ ಕೆಲಸ ಹಂಚಿಹೋಯಿತು. ಕಂಪೋಸಿಟರ್ ಒಂದೊಂದೇ ಸೀಸದ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಜೋಡಿಸುತ್ತಿದ್ದ. ಜೋಡಿಸಿದ ಮೊಳೆ ಇಡುವ ತಟ್ಟೆಯಿಂದ, ಅಂದರೆ ಗ್ಯಾಲಿಯಿಂದ, ಒಂದು ಪ್ರತಿ ಎಳೆದು ಪ್ರೂಫ್ ರೀಡರ್‌ಗೆ ಕೊಡುತ್ತಿದ್ದರು. ಪ್ರೂಫ್ ರೀಡರ್ ಪಕ್ಕದಲ್ಲಿ ಕಾಪಿ ಹೋಲ್ಡರ್ ಅಂತ ಇನ್ನೊಬ್ಬ. ಅವನು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಸಹಿತ. ಇವನು ಅಚ್ಚಾದದ್ದನ್ನು ನೋಡುತ್ತ ಗುರುತು ಹಾಕಬೇಕು. ಒಬ್ಬ ಕಿವಿಗೆ ಕೊಡುವುದು, ಇನ್ನೊಬ್ಬ ಕಣ್ಣಲ್ಲಿ ಹಿಡಿಯುವುದು. ಒಂದು ಸಾಲು ಹಾರಿಹೋಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ ಕಂಪೋಸಿಟರ್ ಇಲ್ಲ, ಕಾಪಿ ಹೋಲ್ಡರ್ ಇಲ್ಲ, ಬಹಳ ಕಡೆ ಪ್ರೂಫ್ ರೀಡರ್ ಕೂಡ ಇಲ್ಲ. ಅವರು ಮಾಡುತ್ತಿದ್ದ ಕೆಲಸ ಎಲ್ಲಿ ಹೋಯಿತು? ಎಲ್ಲವೂ ಉಪ ಸಂಪಾದಕನ ಮೇಜಿಗೆ ಬಂತು. ವರದಿಗಾರ ಕಳಿಸಿದ್ದನ್ನು ತಿದ್ದುವುದು, ತಲೆಬರಹ ಕೊಡುವುದು, ಫೋಟೋ ಆರಿಸುವುದು, ಪುಟ ಕಟ್ಟುವುದು, ಪ್ರೂಫ್ ಓದುವುದು, ಈಚೆಗೆ ವೆಬ್‌ಸೈಟಿಗೂ ಹಾಕುವುದು. ಪತ್ರಿಕೆಯಲ್ಲಿ ತಪ್ಪು ಜಾಸ್ತಿ ಆಗಿದೆ, ಈಗಿನ ಹುಡುಗರಿಗೆ ಕನ್ನಡ ಬರುವುದಿಲ್ಲ ಅಂತ ಹಿರಿಯರು ಬೈಯುತ್ತಾರೆ. ಅರ್ಧ ಸತ್ಯ. ಹಿಂದೆ ಮೂರು ಜನ ಹಿಡಿಯುತ್ತಿದ್ದ ತಪ್ಪನ್ನು ಈಗ ಒಬ್ಬನೇ ಹಿಡಿಯಬೇಕು, ಅದೂ ತಾನೇ ಮಾಡಿದ ತಪ್ಪನ್ನು. ಸ್ವಂತ ತಪ್ಪು ಸ್ವಂತ ಕಣ್ಣಿಗೆ ಕಾಣುವುದು ಬಹಳ ಕಷ್ಟ.

ಓದುಗರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ: ಪುಟದಲ್ಲಿ ಮೊದಲು ಕೂರುವುದು ಸುದ್ದಿಯಲ್ಲ, ಜಾಹೀರಾತು. ಜಾಹೀರಾತು ವಿಭಾಗದವರು ಯಾವ ಪುಟದಲ್ಲಿ ಎಷ್ಟು ಜಾಗ ಹೋಯಿತು ಅಂತ ‘ಡಮ್ಮಿ’ ಮಾಡಿ ಡೆಸ್ಕಿಗೆ ಕೊಡುತ್ತಾರೆ. ಉಳಿದ ಖಾಲಿ ಜಾಗ ಸುದ್ದಿಗೆ. ಪುಟ ಕಟ್ಟುವವನಿಗೆ ಅಲ್ಲಿ ಜಾಹೀರಾತಿನ ಬದಲು ಬರೀ ಒಂದು ಚೌಕ ಕಾಣುವುದೂ ಉಂಟು. ಬಸ್ ಅಪಘಾತದ ಸುದ್ದಿಯ ಪಕ್ಕದಲ್ಲೇ ‘ಸುಖಕರ ಪ್ರಯಾಣ’ದ ಜಾಹೀರಾತು ಬರುವುದು ಹೀಗೆ. ಎರಡೂ ವಿಭಾಗದವರು ತಮ್ಮ ಮಟ್ಟಿಗೆ ಸರಿ. ರಾತ್ರಿ ಪುಟ ಹೋಗುವ ಮೊದಲು ಎರಡನ್ನೂ ಒಟ್ಟಿಗೆ ನೋಡುವವರು ಒಬ್ಬರು ಬೇಕು, ಅದು ಸುದ್ದಿ ಸಂಪಾದಕರ ಕೆಲಸ.

ಮತ್ತೆ ಗಡಿಯಾರ. ಪತ್ರಿಕೆಯ ಇತಿಹಾಸದಲ್ಲಿ ಎಲ್ಲರೂ ನೆನಪಿಸುವ ಎಡವಟ್ಟು ಅಮೆರಿಕದ್ದು. 1948ರ ನವೆಂಬರ್ 3ರ ‘ಶಿಕಾಗೊ ಟ್ರಿಬ್ಯೂನ್’ ಮುಖಪುಟದಲ್ಲಿ ‘ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ’ ಅಂತ ಅಚ್ಚಾಯಿತು. ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದದ್ದು ಟ್ರೂಮನ್. ಆ ಪತ್ರಿಕೆಯನ್ನು ಎತ್ತಿ ಹಿಡಿದು ಅವರು ನಗುತ್ತಿರುವ ಫೋಟೋ ಎಷ್ಟೋ ಜನ ನೋಡಿದ್ದೀರಿ. ಪತ್ರಿಕೆಯವರು ದಡ್ಡರು ಅಂತ ಅದನ್ನು ತೋರಿಸಿ ನಗುವವರು ಒಂದು ಮಾತು ಬಿಡುತ್ತಾರೆ. ಆಗ ಅಲ್ಲಿ ಕಂಪೋಸಿಟರ್‌ಗಳ ಮುಷ್ಕರ ನಡೆಯುತ್ತಿತ್ತು. ಅವರಿಲ್ಲದೆ ಬೇರೆ ವಿಧಾನದಲ್ಲಿ ಪುಟ ಮಾಡಬೇಕಿದ್ದರಿಂದ ಮಾಮೂಲಿಗಿಂತ ಗಂಟೆಗಟ್ಟಲೆ ಮೊದಲೇ ಅಚ್ಚಿಗೆ ಕಳಿಸಬೇಕಾಯಿತು. ಮತ ಎಣಿಕೆ ಇನ್ನೂ ನಡೆಯುತ್ತಿತ್ತು. ಸುಮಾರು 1,50,000 ಪ್ರತಿ ಆ ತಲೆಬರಹದಲ್ಲಿ ಹೊರಬಂತು. ರಾಜಕೀಯ ಅಂದಾಜು ತಪ್ಪಿದ್ದು ಹೌದು. ಅಂದಾಜನ್ನೇ ಸುದ್ದಿ ಮಾಡುವ ಹಾಗೆ ಆದದ್ದು ಮೊಳೆ ಜೋಡಿಸುವವರು ಮೇಜಿನ ಹತ್ತಿರ ಇಲ್ಲದ್ದಕ್ಕೆ.

ಪುಸ್ತಕ

ಪುಸ್ತಕದಲ್ಲಿ ಜನ ಮೊದಲು ತಪ್ಪು ತಿಳಿಯುವುದು ಪ್ರಕಾಶಕರನ್ನೂ ಮುದ್ರಕರನ್ನೂ. ಪ್ರಕಾಶಕರು ದುಡ್ಡು ಹಾಕಿ, ಯಾವ ಪುಸ್ತಕ ಬರಬೇಕು ಅಂತ ಆರಿಸಿ, ಮಾರುವವರು. ಮುದ್ರಕರು ಕೊಟ್ಟದ್ದನ್ನು ಅಚ್ಚು ಹಾಕಿಕೊಡುವವರು. ಒಬ್ಬರೇ ಎರಡೂ ಆಗಿರುವುದು ಉಂಟು. ಬಾಸೆಲ್ ಮಿಷನ್ನಿನವರು ಹಾಗಿದ್ದರು. ಸುಮಾರು 70,000 ಪದಗಳ ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಕನ್ನಡ ಮತ್ತು ಇಂಗ್ಲಿಷ್ ಎರಡು ಲಿಪಿಯ ಮೊಳೆಗಳನ್ನು ಕೈಯಲ್ಲಿ ಜೋಡಿಸಿದ ಪುಟಗಳ ಪ್ರೂಫ್ ನೋಡಿದವರ ತಾಳ್ಮೆಗೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

ಪುಸ್ತಕಕ್ಕೆ ಪತ್ರಿಕೆಯ ಅವಸರ ಇಲ್ಲ. ಆದರೆ ತಪ್ಪಾದರೆ ನಾಳೆ ತಿದ್ದುವ ಅವಕಾಶವೂ ಇಲ್ಲ. 1631ರಲ್ಲಿ ಲಂಡನ್ನಿನ ರಾಜಮುದ್ರಕರು ಅಚ್ಚು ಹಾಕಿದ ಬೈಬಲ್‌ನಲ್ಲಿ ಒಂದೇ ಒಂದು ಸಣ್ಣ ಪದ ಬಿಟ್ಟುಹೋಗಿ, ವ್ಯಭಿಚಾರ ಮಾಡಬಾರದು ಅನ್ನುವ ಆಜ್ಞೆ ಮಾಡತಕ್ಕದ್ದು ಅಂತ ಆಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಕನ್ನಡದ ಹಳೇ ಪುಸ್ತಕಗಳ ಕೊನೆಗೆ ‘ಒಪ್ಪೋಲೆ’ ಅಂತ ಒಂದು ಪುಟ ಇರುತ್ತಿತ್ತು, ಇಂಥ ಪುಟದ ಇಂಥ ಸಾಲಿನಲ್ಲಿ ಹೀಗೆ ಓದಿಕೊಳ್ಳಿ ಅಂತ. ಈಗ ಅದನ್ನು ಹಾಕಲು ನಾಚಿಕೆ. ಒಪ್ಪೋಲೆ ಇರುವ ಪುಸ್ತಕ ಕಂಡರೆ ನನಗೆ ಗೌರವ. ಅಚ್ಚಾದ ಮೇಲೂ ಯಾರೋ ಓದಿದ್ದಾರೆ ಅಂತ ಅರ್ಥ.

ಪುಸ್ತಕದ ಒಂದು ಎಡವಟ್ಟು ಬಹಳ ಜನರಿಗೆ ಆಗಿರುತ್ತದೆ. 48ನೇ ಪುಟ ಮುಗಿಸಿ ತಿರುಗಿಸಿದರೆ ಮತ್ತೆ 33. ಓದುತ್ತ ಹೋದರೆ 48 ಆದ ಮೇಲೆ ಸೀದಾ 65. ನಡುವಿನ ಹದಿನಾರು ಪುಟ ಮಾಯ. ಯಾಕೆ ಹದಿನಾರೇ? ಡೆಮಿ ಅನ್ನುವುದು ಕಾಗದದ ಒಂದು ಅಳತೆ. ಡೆಮಿ 1/8 ಅಂದರೆ ಡೆಮಿ ಹಾಳೆಯನ್ನು ಮಡಚಿ ಎಂಟು ಎಲೆ ಮಾಡುವುದು, ಎರಡು ಬದಿ ಸೇರಿ ಹದಿನಾರು ಪುಟ. ಹೀಗೆ ಮಡಚಿದ ಒಂದೊಂದು ಕಟ್ಟಿಗೆ ಒಂದು ಫಾರಂ. 1ರಿಂದ 16 ಮೊದಲ ಫಾರಂ, 17ರಿಂದ 32 ಎರಡನೆಯದು. ಬೈಂಡಿಂಗಿನಲ್ಲಿ ಈ ಫಾರಂಗಳ ರಾಶಿಗಳನ್ನು ಸಾಲಾಗಿಟ್ಟು ಒಂದೊಂದು ಎತ್ತಿ ಜೋಡಿಸುತ್ತ ಹೋಗುತ್ತಾರೆ. ಮೂರನೆಯದನ್ನು ಎರಡು ಸಲ ಎತ್ತಿ ನಾಲ್ಕನೆಯದನ್ನು ಬಿಟ್ಟರೆ ನಿಮಗೆ ಸಿಕ್ಕಿದ ಪುಸ್ತಕ ತಯಾರು. ಇದನ್ನು ತಡೆಯಲಿಕ್ಕೆ ಫಾರಂನ ಬೆನ್ನಿನಲ್ಲಿ ಒಂದೊಂದು ಸಣ್ಣ ಕಪ್ಪು ಗುರುತು ಹಾಕುತ್ತಾರೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಎಲ್ಲ ಸರಿಯಾಗಿದ್ದರೆ ಬೆನ್ನಿನ ಮೇಲೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಮೆಟ್ಟಿಲು ತಪ್ಪಿದರೆ ಓದು ಬರದವರಿಗೂ ಗೊತ್ತಾಗುತ್ತದೆ. ಈ ಉದ್ಯಮದಲ್ಲಿ ನನಗೆ ಬಹಳ ಇಷ್ಟವಾದ ಉಪಾಯ ಇದು.

ಕರಾವಳಿಯ ಮುದ್ರಕರಿಗೆ ಮಳೆಗಾಲದ್ದು ಬೇರೆಯೇ ತಲೆನೋವು. ಬಣ್ಣದ ಚಿತ್ರ ಅಚ್ಚಾಗುವುದು ನಾಲ್ಕು ಪ್ಲೇಟಿನಲ್ಲಿ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ನಾಲ್ಕೂ ಒಂದರ ಮೇಲೊಂದು ಕೂದಲೆಳೆ ತಪ್ಪದೆ ಕೂರಬೇಕು. ಜೂನ್, ಜುಲೈನಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ಮದುಮಗಳ ತುಟಿಯ ಬಣ್ಣ ತುಟಿಯಿಂದ ಸ್ವಲ್ಪ ಆಚೆ ಬೀಳುತ್ತದೆ. ಡಿಸೈನರ್ ಸಣ್ಣ ಅಕ್ಷರಗಳನ್ನು ಬರೀ ಕಪ್ಪಿನಲ್ಲಿ ಇಡದೆ ನಾಲ್ಕು ಬಣ್ಣ ಸೇರಿಸಿದ ಕಪ್ಪಿನಲ್ಲಿ ಇಟ್ಟಿದ್ದರೆ ಅಕ್ಷರಗಳೂ ಮಂಜುಮಂಜು. ಇದನ್ನು ಅಚ್ಚಿಗೆ ಮೊದಲು ನೋಡಿ ಹೇಳುವವನಿಗೆ ಪ್ರಿ-ಪ್ರೆಸ್ ಅನ್ನುತ್ತಾರೆ. ಸಣ್ಣ ಪ್ರೆಸ್ಸುಗಳು ಮೊದಲು ಉಳಿಸುವ ಸಂಬಳ ಇವನದ್ದೇ.

ಕೊನೆಗೆ ಕಟ್ಟುವವರು ಯಾರು

ಪತ್ರಿಕೆಯ ಕೊನೇ ಪುಟದ ಅಡಿಯಲ್ಲಿ ಯಾರೂ ಓದದ ಎರಡು ಸಾಲು ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು, ಎಲ್ಲಿ ಅಚ್ಚಾಯಿತು. ಬ್ರಿಟಿಷರ ಕಾಲದ 1867ರ ಕಾಯ್ದೆಯಿಂದ ಬಂದ ಪದ್ಧತಿ ಇದು. ಅದರ ಬದಲಿಗೆ ಬಂದ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಕಾನೂನಿನ ಕಣ್ಣಲ್ಲಿ ಸಂಪಾದಕ ಅಂದರೆ ಚೆನ್ನಾಗಿ ಬರೆಯುವವನಲ್ಲ. ಏನು ಪ್ರಕಟವಾಗಬೇಕು ಅನ್ನುವ ಆಯ್ಕೆ ಯಾರ ಕೈಯಲ್ಲಿದೆಯೋ ಅವರು. ಮಾನನಷ್ಟದ ನೋಟಿಸು ಬರುವುದು ಆ ಹೆಸರಿಗೆ, ರಾತ್ರಿ ಪಾಳಿಯ ಉಪ ಸಂಪಾದಕನಿಗಲ್ಲ.

ಚುನಾವಣೆಯ ಕರಪತ್ರಕ್ಕೆ ನಿಯಮ ಇನ್ನೂ ಬಿಗಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಅರ್ಜೆಂಟ್ ಉಂಟು, ನಾಳೆ ಬೆಳಿಗ್ಗೆ ಬೇಕು’ ಅಂತ ರಾತ್ರಿ ಬಂದವರ ಕರಪತ್ರದಲ್ಲಿ ಆ ಸಾಲು ಬಿಟ್ಟುಹೋದರೆ ಸಿಕ್ಕಿಹಾಕಿಕೊಳ್ಳುವುದು ಗಲ್ಲಿಯ ಪ್ರೆಸ್ಸಿನವರು.

ಜಾಹೀರಾತಿನಲ್ಲಿ ತಪ್ಪಾದಾಗ ಸಾಮಾನ್ಯವಾಗಿ ಜಗಳ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಒಪ್ಪಿಗೆ ಕೊಟ್ಟ ಪ್ರೂಫಿನಲ್ಲಿ ಅದು ಹೇಗಿತ್ತು? ಪತ್ರಿಕೆಯ ಕಡೆಯಿಂದ ತಪ್ಪಾಗಿದ್ದರೆ ಅವರು ಇನ್ನೊಂದು ದಿನ ದುಡ್ಡಿಲ್ಲದೆ ಹಾಕಿಕೊಡುತ್ತಾರೆ. ಏಜೆನ್ಸಿ ಕಳಿಸಿದ ಫೈಲಿನಲ್ಲೇ ತಪ್ಪಿದ್ದರೆ ಏಜೆನ್ಸಿಯ ಕೈಯಿಂದ. ಗಿರಾಕಿ ಸಹಿ ಹಾಕಿದ ಪ್ರೂಫಿನಲ್ಲೇ ಇದ್ದರೆ ಗಿರಾಕಿಯ ತಲೆಗೆ. ನಮ್ಮ ಮಾಸ್ಟ್ರ ವಿಷಯದಲ್ಲಿ ಪ್ರೂಫ್ ಸರಿ, ಫೈಲ್ ತಪ್ಪು. ಮರುದಿನದ ಎರಡು ಜಾಹೀರಾತಿನ ದುಡ್ಡು ನಾವೇ ಕಟ್ಟಿದೆವು. ಬಂಟ್ವಾಳದ ಮನೆಗೆ ಯಜಮಾನರೇ ಹೋಗಿ ಬಂದರು. ಡಿಸೈನರ್ ಹುಡುಗನನ್ನು ತೆಗೆಯಲಿಲ್ಲ. ಫೋಟೋ ಬಂದ ಕೂಡಲೇ ಅದಕ್ಕೆ ಊರು, ಹೆಸರು, ತಾರೀಕು ಹಾಕಿ ಇಡುವ ಪದ್ಧತಿ ಮಾಡಿದವನು ಅವನೇ.

ನೀವು ಬ್ರಹ್ಮಕಲಶದ ಆಮಂತ್ರಣವನ್ನೋ, ಮದುವೆ ಕಾಗದವನ್ನೋ, ಅಂಗಡಿ ಶುಭಾರಂಭದ ಜಾಹೀರಾತನ್ನೋ ಕೊಡುವವರಾದರೆ ಪ್ರೂಫನ್ನು ಮೊಬೈಲ್ ಪರದೆಯಲ್ಲಿ ನೋಡಿ ಹೆಬ್ಬೆರಳು ತೋರಿಸಬೇಡಿ. ಪ್ರಿಂಟ್ ತೆಗೆಸಿ. ತಲೆಬರಹವನ್ನು ಅಕ್ಷರ ಅಕ್ಷರ ಓದಿ. ತಾರೀಕಿಗೂ ವಾರಕ್ಕೂ ತಾಳೆ ಆಗುತ್ತದಾ ಕ್ಯಾಲೆಂಡರ್ ನೋಡಿ. ಕೊನೆಗೆ ಫೋನ್ ನಂಬರ್. ಪುಸ್ತಕದ ಹಿಂದೆ ಇರುವ 13 ಅಂಕಿಯ ಗುರುತು ಸಂಖ್ಯೆ ಐಎಸ್‌ಬಿಎನ್‌ನಲ್ಲಿ ಕೊನೆಯ ಅಂಕಿ ಉಳಿದ ಹನ್ನೆರಡರ ಲೆಕ್ಕದಿಂದ ಬಂದದ್ದು, ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡಿಬರುವುದಿಲ್ಲ. ಫೋನ್ ನಂಬರಿಗೆ ಆ ಸೌಕರ್ಯ ಇಲ್ಲ, ಯಾವ ಹತ್ತು ಅಂಕಿಯೂ ಯಾರದ್ದೋ ನಂಬರ್ ಆಗಿರಬಹುದು. ಹಾಗಾಗಿ ಅದನ್ನು ಓದಬೇಡಿ, ಪ್ರೂಫ್ ನೋಡಿಕೊಂಡು ಒತ್ತಿ ಕರೆ ಮಾಡಿ.

ಈಚೆಗೆ ಉಡುಪಿಯ ಪರಿಚಯದವರೊಬ್ಬರ ಗೃಹಪ್ರವೇಶದ ಕಾಗದದ ಪ್ರೂಫ್ ನನ್ನ ಕೈಗೆ ಬಂತು. ಅಭ್ಯಾಸದಂತೆ ಅದರಲ್ಲಿದ್ದ ನಂಬರಿಗೆ ಕರೆ ಮಾಡಿದೆ. ಯಾರೋ ಗಂಡಸು ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು:

“ಗೃಹಪ್ರವೇಶಕ್ಕಾ? ನಮ್ಮದು ಶಿರಸಿ ಮಾರಾಯ್ರೆ. ಬೆಳಿಗ್ಗೆಯಿಂದ ನೀವು ಐದನೆಯವರು.”

ಪ್ರೂಫ್ ತಿದ್ದುವ ಮೊದಲೇ ವಾಟ್ಸಾಪಿನಲ್ಲಿ ಎಲ್ಲರಿಗೂ ಹೋಗಿತ್ತು.